ಹಸುರು ಹೊನ್ನೋ, ಪರಿಸರದ ಕತೆಯೋ?

ಕಾಡಿನ ಬಗ್ಗೆ ಮೊದಲ ಪುಸ್ತಕ ಕೊಳ್ಳುವವರಿಗೆ ತೇಜಸ್ವಿಯವರ ‘ಪರಿಸರದ ಕತೆ’ ಸಲೀಸು. ಮೂಡಿಗೆರೆ ಸುತ್ತಲಿನ ಬಿಡಿ ಪ್ರಸಂಗಗಳು. ಕಿವಿ ಎಂಬ ನಾಯಿ, ಮಾಸ್ತಿ, ಬೈರ ಎಂಬ ಪಾತ್ರಗಳು. ಮೆಟ್ರೊದಲ್ಲಿ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಓದಿದರೂ ಎಳೆ ತಪ್ಪುವುದಿಲ್ಲ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಿಧಾನದ ಓದು, ಆದರೆ ನನ್ನ ಮತ ಅದಕ್ಕೇ. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಸಸ್ಯವಿಜ್ಞಾನದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟ ಅಲೆಯುತ್ತಾರೆ. ಗಿಡದ ವಿವರದ ಪಕ್ಕದಲ್ಲೇ ನಗೆ, ಕಾವ್ಯ. ಹಲವರು ಎಡವುವುದು ಲ್ಯಾಟಿನ್ ಹೆಸರುಗಳಲ್ಲಿ. ಮೊದಲ ಓದಿಗೆ ಅವನ್ನು ದಾಟಿಬಿಡಿ, ಸ್ವಾಮಿಯವರೇ ಬರೆದ ಚಿತ್ರಗಳ ಮೇಲೆ ಕಣ್ಣಿಡಿ. ಎರಡನೇ ಸಲ ಪುಸ್ತಕ ಹಿಡಿದು ಲಾಲ್‌ಬಾಗಿಗೇ ಹೋಗಿ: ಮರಗಳ ಫಲಕದಲ್ಲಿ ಅಂಥದೇ ಹೆಸರುಗಳು ಎದುರಾಗುತ್ತವೆ, ಬಾಯಿಗೂ ಹತ್ತುತ್ತವೆ.