ಕೊಡಗಿನ ಮಳೆ, ಕೊಡಗಿನ ಮದುವೆ, ನಾಲ್ಕು ಸೆಕೆಂಡ್ ಹ್ಯಾಂಡ್ ವಾಚುಗಳು

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ, ಹೊರಗೆ ಮೂರು ದಿನದಿಂದ ಬಿಡದ ಮಳೆ. ಒಲೆಯ ಹತ್ತಿರದಿಂದ ಎದ್ದು ಜಗಲಿಗೆ ಬಂದು ಗಂಟೆ ನೋಡಿದರೆ ಕೈಯಲ್ಲಿದ್ದ ಒಮೆಗಾ ವಾಚಿನ ಗಾಜಿನ ಒಳಗೆ ಆವಿ ಕಟ್ಟಿತ್ತು. ಅರವತ್ತು ವರ್ಷ ಹಳೆಯ ಡಯಲ್ ಮಂಜಿನಲ್ಲಿ ಕಂಡಂತೆ ಮಸುಕಾಗಿ ಕಾಣುತ್ತಿತ್ತು. ಎದೆ ಧಸಕ್ಕೆಂದಿತು. ಎರಡು ತಿಂಗಳ ಹಿಂದಷ್ಟೇ ಅದನ್ನು ಸರ್ವಿಸ್ ಮಾಡಿಸಿದ್ದೆ. ಮಾಡಿದವರು ಒಳಗಿನ ರಬ್ಬರ್ ವಾಷರನ್ನು ಬದಲಿಸದೆ, ಗಟ್ಟಿಯಾದ ಹಳೆಯದನ್ನೇ ಹಾಕಿ ಮುಚ್ಚಿದ್ದರು.

ಅವತ್ತಿನಿಂದ ನಾನು ವಾಚ್ ನೋಡುವ ರೀತಿಯೇ ಬದಲಾಯಿತು. ಒಳ್ಳೆಯ ವಾಚ್ ಯಾವುದು ಎಂದು ಹೇಳುವವರು ಎಲ್ಲಾ ಕಡೆ ಇದ್ದಾರೆ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಊರಲ್ಲಿ, ಕೊಟ್ಟ ದುಡ್ಡಿಗೆ ತಕ್ಕಂತೆ ಉಳಿಯುವ ವಾಚ್ ಯಾವುದು ಅನ್ನೋದು ಬೇರೆ ಪ್ರಶ್ನೆ.

ನಮ್ಮದು ಸಿದ್ದಾಪುರದ ಕಡೆ ಸಣ್ಣ ತೋಟ. ಕಾಫಿ ದುಡ್ಡು ಕೈಗೆ ಬಂದ ಮೇಲೆ, ಮನೆ ಖರ್ಚೆಲ್ಲಾ ಕಳೆದು ಉಳಿದರೆ, ವರ್ಷಕ್ಕೊಂದರಂತೆ ನಾಲ್ಕು ವಾಚ್ ತೆಗೆದುಕೊಂಡೆ. ಎಲ್ಲವೂ ಸೆಕೆಂಡ್ ಹ್ಯಾಂಡ್. ಎಲ್ಲವನ್ನೂ ತೋಟದಲ್ಲೂ ಕಟ್ಟಿದ್ದೇನೆ, ಮದುವೆಗಳಿಗೂ ಕಟ್ಟಿದ್ದೇನೆ. ನಮ್ಮ ಮದುವೆಯಲ್ಲಿ ವಾಚಿಗೆ ಒಂದು ಪರೀಕ್ಷೆ ಇದೆ. ಗಂಡಸರು ತೊಡುವ ಉದ್ದ ಕೋಟಾದ ಕುಪ್ಯಕ್ಕೆ ಅರ್ಧ ತೋಳು. ಅದರ ಕೆಳಗೆ ಬಿಳಿ ಶರ್ಟಿನ ಪೂರ್ತಿ ತೋಳು ಮಣಿಕಟ್ಟಿನವರೆಗೆ ಕಾಣುತ್ತದೆ. ವಾಚ್ ದಪ್ಪ ಇದ್ದರೆ ಆ ತೋಳು ಮೇಲೆ ಸಿಕ್ಕಿಕೊಂಡು ಸುಕ್ಕಾಗುತ್ತದೆ. ವಾಲಗಕ್ಕೆ ಕೈ ಎತ್ತಿ ಕುಣಿಯುವಾಗ ಎಲ್ಲರ ಕಣ್ಣಿಗೂ ಅದೇ ಬೀಳುತ್ತದೆ.

ಮೊದಲು ಬಂದದ್ದು ಕಿಂಗ್ ಸೈಕೊ, 5626 ಮಷೀನ್ ಇರುವುದು. ಬೆಂಗಳೂರಿನ ಒಬ್ಬ ಸಂಗ್ರಹಕಾರರಿಂದ 48 ಸಾವಿರಕ್ಕೆ ಸಿಕ್ಕಿತು. ಸರ್ವಿಸಿಗೆ ಮತ್ತೆ 9 ಸಾವಿರ. ಸೈಕೊ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸೈಕೊ ಫೈವ್ ಮಾತ್ರ ಗೊತ್ತು. ಕಿಂಗ್ ಸೈಕೊ ಬೇರೆಯದೇ ದರ್ಜೆ. 1960ರಲ್ಲಿ ಗ್ರ್ಯಾಂಡ್ ಸೈಕೊ ಬಂತು, ಮರುವರ್ಷವೇ ಕಿಂಗ್ ಸೈಕೊ. ನನ್ನ ವಾಚಿನ ಹಿಂಬದಿಯ ನಂಬರಿನಲ್ಲಿ ಮೊದಲ ಅಂಕಿ ವರ್ಷ, ಎರಡನೆಯದು ತಿಂಗಳು. 0 ಮತ್ತು 1, ಅಂದರೆ 1970ರ ಜನವರಿ. ಇದರ ಮಷೀನ್ ಗಂಟೆಗೆ 28,800 ಬಡಿತದ್ದು. ಸೆಕೆಂಡಿಗೆ 8 ಬಡಿತ. ಸೆಕೆಂಡ್ ಮುಳ್ಳು ಕುಪ್ಪಳಿಸದೆ ಜಾರಿಕೊಂಡು ಹೋದ ಹಾಗೆ ಕಾಣುತ್ತದೆ. ಕೀ ಎಳೆದರೆ ಆ ಮುಳ್ಳು ಅಲ್ಲೇ ನಿಲ್ಲುತ್ತದೆ, ಸೆಕೆಂಡಿಗೆ ಸರಿಯಾಗಿ ಟೈಮ್ ಇಡಬಹುದು. ಸರ್ವಿಸ್ ಆದ ಮೇಲೆ ನನ್ನದು ದಿನಕ್ಕೆ 8 ಸೆಕೆಂಡ್ ಮುಂದೆ ಓಡುತ್ತದೆ. ಐವತ್ತು ವರ್ಷ ದಾಟಿದ ಯಂತ್ರದಿಂದ ಇದಕ್ಕಿಂತ ಜಾಸ್ತಿ ಏನು ಕೇಳೋದು?

ಇದರಲ್ಲಿ ಒಂದು ದೌರ್ಬಲ್ಯ ಇದೆ, ಕೊಳ್ಳುವ ಮೊದಲೇ ತಿಳಿದಿರಬೇಕು. 56 ಸರಣಿಯಲ್ಲಿ ದಿನ, ತಾರೀಕು ಬದಲಿಸುವ ಭಾಗದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚಕ್ರ ಇದೆ. ಹಳೆಯದಾದಂತೆ ಅದು ಬಿರುಕು ಬಿಡುತ್ತದೆ. ವಾಚ್ ಕೈಗೆ ಸಿಕ್ಕ ತಕ್ಷಣ ಕೀಯನ್ನು ಒಂದು ಹಂತ ಎಳೆದು ಎರಡೂ ಕಡೆ ತಿರುಗಿಸಿ. ಒಂದು ಕಡೆ ತಾರೀಕು, ಇನ್ನೊಂದು ಕಡೆ ದಿನ ಬದಲಾಗಬೇಕು. ಬದಲಾಗದಿದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಅಂಚುಗಳನ್ನೂ ನೋಡಿ. ಈ ವಾಚಿನ ಅಂದ ಇರುವುದೇ ಬೆಲ್ಟ್ ಸೇರುವ ಕಾಲುಗಳ ಚಪ್ಪಟೆ ಮುಖ ಮತ್ತು ಚೂಪು ಅಂಚಿನಲ್ಲಿ. ಹೊಳಪು ಬರಲಿ ಎಂದು ಯಾರೋ ಉಜ್ಜಿ ಪಾಲಿಶ್ ಮಾಡಿದ್ದರೆ ಅಂಚು ದುಂಡಗಾಗಿರುತ್ತದೆ. ಆ ಲೋಹವನ್ನು ಮತ್ತೆ ತರಲು ಆಗುವುದಿಲ್ಲ.

ಒಮೆಗಾ ಕಾನ್‌ಸ್ಟಲೇಷನ್ ಬಂದದ್ದು ಎರಡನೇ ವರ್ಷ, 1 ಲಕ್ಷ 45 ಸಾವಿರಕ್ಕೆ. ಬೋರಲು ಹಾಕಿದ ತಟ್ಟೆಯಂತೆ ಅಂಚು ಇಳಿಜಾರಾದ, ಹನ್ನೆರಡು ಮೂಲೆಯ ಡಯಲ್. ಹಿಂಬದಿಯಲ್ಲಿ ಖಗೋಳ ವೀಕ್ಷಣಾಲಯದ ಚಿತ್ರ, ಮೇಲೆ ಎಂಟು ನಕ್ಷತ್ರ. 1952ರಲ್ಲಿ ಶುರುವಾದ ಸಾಲು ಇದು. ನನ್ನದರಲ್ಲಿ ಇರುವುದು 561 ಮಷೀನ್, ತಾರೀಕು ಇದೆ. ಹಿಂಬದಿ ತೆರೆದರೆ ತಾಮ್ರದ ಬಣ್ಣದಲ್ಲಿ ಬೆಳಗುತ್ತದೆ. ಬಡಿತ ಸೆಕೆಂಡಿಗೆ ಐದೂವರೆ. ಲೆಕ್ಕದಲ್ಲಿ ಕಿಂಗ್ ಸೈಕೊಗಿಂತ ನಿಧಾನ. ಆದರೆ ಕಿವಿಗೆ ಹಿಡಿದರೆ ಆ ಸದ್ದಿನ ಹಿತವೇ ಬೇರೆ.

ಮೂರು ಪಟ್ಟು ಬೆಲೆಗೆ ಮೂರು ಪಟ್ಟು ವಾಚ್ ಸಿಕ್ಕಿತೇ? ಯಂತ್ರದ ಮಟ್ಟಿಗೆ ಇಲ್ಲ. ಟೈಮ್ ವಿಷಯದಲ್ಲಿ ಎರಡೂ ಹತ್ತಿರ ಹತ್ತಿರ. ಬೆಲೆ ಹೋಗಿರುವುದು ಡಯಲಿಗೆ. ಸಂಜೆಯ ಓರೆ ಬಿಸಿಲು ಆ ಮೂಲೆಗಳ ಮೇಲೆ ಬಿದ್ದಾಗ ಒಂದೊಂದು ಭಾಗ ಒಂದೊಂದು ಬಣ್ಣ ತಾಳುತ್ತದೆ. ಅಂಥದ್ದು ಬೇರೆ ವಾಚಿನಲ್ಲಿ ನಾನು ಕಂಡಿಲ್ಲ. ಮೋಸ ನಡೆಯುವುದೂ ಅದೇ ಡಯಲಿನಲ್ಲಿ. ನಮ್ಮ ದೇಶದಲ್ಲಿ ಹಳೇ ಡಯಲಿಗೆ ಹೊಸ ಬಣ್ಣ ಬಳಿದು ಮಾರುವುದು ಬಹಳ. ಲೂಪ್, ಅಂದರೆ ಸಣ್ಣ ಭೂತಗನ್ನಡಿ ಹಿಡಿದು ಅಕ್ಷರ ನೋಡಿ. ಮೂಲ ಅಕ್ಷರ ತೆಳ್ಳಗೆ, ಚೂಪಾಗಿ, ಒಂದೇ ಸಮನಾಗಿ ಇರುತ್ತದೆ. ಬಳಿದದ್ದು ಸ್ವಲ್ಪ ಊದಿಕೊಂಡಂತೆ ಕಾಣುತ್ತದೆ. ಅರವತ್ತು ವರ್ಷದ ಡಯಲ್ ನಿನ್ನೆ ಮಾಡಿದಂತೆ ಫಳಫಳ ಎನ್ನುತ್ತಿದ್ದರೆ ಅದಕ್ಕೆ ಕಾರಣ ಕೇಳಿ. ಸಣ್ಣ ಕಲೆ ಇರುವ ಮೂಲ ಡಯಲ್ ಎಷ್ಟೋ ಮೇಲು. ಬೆಲೆ ಜಾಸ್ತಿ ಅನಿಸಿದವರು ಇದೇ ಸಾಲಿನ, ಅರವತ್ತರ ದಶಕದ ನಡುವಿನಲ್ಲಿ ಬಂದ, ಇಂಗ್ಲಿಷಿನ ಸಿ ಅಕ್ಷರದಂತೆ ಬದಿ ಬಾಗಿದ ಮಾದರಿ ನೋಡಬಹುದು. ಅದು ಹೆಸರಾಂತ ವಾಚ್ ವಿನ್ಯಾಸಕಾರ ಜೆರಾಲ್ಡ್ ಜೆಂಟಾ ಅವರ ವಿನ್ಯಾಸ. ಆದರೂ ತಟ್ಟೆ ಡಯಲಿನದಕ್ಕಿಂತ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ.

ಆವಿ ಕಟ್ಟಿದ ದಿನ ನಾನು ಮೊದಲು ಮಾಡಿದ್ದು ಕೀ ಎಳೆದಿಟ್ಟು, ವಾಚನ್ನು ಸಿಲಿಕಾ ಜೆಲ್ ಪೊಟ್ಟಣಗಳ ಡಬ್ಬಿಯಲ್ಲಿ ಹಾಕಿದ್ದು. ಮರುದಿನವೇ ಮೈಸೂರಿಗೆ ಒಯ್ದೆ. ತೆರೆದು ಒಣಗಿಸಿ, ಆಯಿಲ್ ಹಾಕಿ, ಹೊಸ ವಾಷರ್ ಹಾಕಿಸಲು 11 ಸಾವಿರ ಆಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಕೀಯ ಕಡ್ಡಿಗೆ ತುಕ್ಕು ಹಿಡಿಯುತ್ತಿತ್ತು. ಹಳೇ ವಾಚಿನ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿದ್ದರೆ ನಂಬಬೇಡಿ. ಅದು ಆವತ್ತಿನ ರಬ್ಬರಿನ ಮಾತು, ಇವತ್ತಿನದಲ್ಲ.

ಮೂರನೆಯದು ಕಾರ್ಟಿಯೆ ಮಸ್ಟ್ ಟ್ಯಾಂಕ್, 1 ಲಕ್ಷ 30 ಸಾವಿರ. ಟ್ಯಾಂಕ್ ಎಂಬ ಈ ಚೌಕ ವಾಚಿನ ಆಕಾರ 1917ರದ್ದು. ಮಸ್ಟ್ ಸಾಲು ಬಂದದ್ದು 1977ರಲ್ಲಿ. ಬೆಳ್ಳಿಯ ಮೇಲೆ ಚಿನ್ನದ ಲೇಪ, ಕೀಯಲ್ಲಿ ನೀಲಿ ಕಲ್ಲು, ಒಳಗೆ ಸೆಲ್ ಹಾಕುವ ಮಷೀನ್. ಮಷೀನ್ ಇಷ್ಟಪಡುವವರು ಇದನ್ನು ಕಡೆಗಣಿಸುತ್ತಾರೆ. ಕುಪ್ಯದ ಜೊತೆ ಕಟ್ಟಿ ನೋಡಿದ ಮೇಲೆ ನನಗೆ ಹಾಗೆ ಅನಿಸಲಿಲ್ಲ. ಅಷ್ಟು ತೆಳ್ಳಗಿನ ವಾಚ್ ಬಿಳಿ ತೋಳಿನ ಕೆಳಗೆ ಸರಾಗವಾಗಿ ಜಾರುತ್ತದೆ. ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿಯ ಬೆಳ್ಳಿ, ಮಣಿಕಟ್ಟಿನಲ್ಲಿ ಆ ಪುಟ್ಟ ಚಿನ್ನದ ಚೌಕ. ನಮ್ಮ ಉಡುಗೆಗೇ ಮಾಡಿದಂತಿತ್ತು. ಆದರೆ ನೀರು ಕಂಡರೆ ಆಗದು. ಚರ್ಮದ ಬೆಲ್ಟಿಗೆ ಜುಲೈನಲ್ಲಿ ಬೂಷ್ಟು ಬಂತು. ಅಂಚುಗಳಲ್ಲಿ ಚಿನ್ನ ಸವೆದು ಬೆಳ್ಳಿ ಕಾಣುತ್ತಿದ್ದರೆ ಅಂಥದ್ದನ್ನು ತೆಗೆದುಕೊಳ್ಳಬೇಡಿ. ಹಿಂಬದಿಯಲ್ಲಿ 925 ಗುರುತು ಇದೆಯೇ ನೋಡಿ.

ಟ್ಯೂಡರ್ ಬ್ಲ್ಯಾಕ್ ಬೇ ಫಿಫ್ಟಿ ಎಯ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಅದರಲ್ಲಿ ತಕರಾರೇ ಇಲ್ಲ. 2018ರ ಮಾದರಿ, 39 ಮಿಲಿಮೀಟರ್, 200 ಮೀಟರ್ ನೀರಿಗೆ ತಡೆ, ಒಮ್ಮೆ ಪೂರ್ತಿ ಕೀ ತುಂಬಿದರೆ 70 ಗಂಟೆ ಓಟ. ಬಿಲ್, ಬಾಕ್ಸ್ ಸಮೇತ 2 ಲಕ್ಷ 35 ಸಾವಿರಕ್ಕೆ ಬಂತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಯಾವುದನ್ನೂ ಕಟ್ಟುವುದಿಲ್ಲ. ಕಪಾತು ಮಾಡಿಸುವಾಗ, ಕೆಸರಿನಲ್ಲಿ, ಕೊಟ್ಟಿಗೆಯಲ್ಲಿ ಎಲ್ಲಾ ಕಡೆ ಇದೇ. ಸ್ಟೀಲ್ ಚೈನನ್ನು ಸಂಜೆ ನಲ್ಲಿಯಡಿ ಹಿಡಿದರೆ ಮುಗಿಯಿತು. ಮದುವೆಗೆ ಮಾತ್ರ ಒಗ್ಗಲಿಲ್ಲ, ಶರ್ಟಿನ ತೋಳಿಗೆ ಸಿಕ್ಕಿಕೊಂಡಿತು. ವಿಶಿಷ್ಟ ಎಂದು ಕೂಡ ಹೇಳಲಾರೆ. ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿದರೆ ಒಬ್ಬರ ಕೈಯಲ್ಲಾದರೂ ಕಾಣುತ್ತದೆ.

ಇನ್ನೊಂದನ್ನು ಕಟ್ಟಿ ನೋಡಿ ವಾಪಸ್ ಕೊಟ್ಟೆ. ಜೇಗರ್ ಲಕುಲ್ಟ್ರ್ ರಿವರ್ಸೊ. ಬ್ರಿಟಿಷರ ಕಾಲದ ಭಾರತದಲ್ಲಿ ಪೋಲೊ ಆಡುತ್ತಿದ್ದ ಅಧಿಕಾರಿಗಳ ವಾಚಿನ ಗಾಜು ಒಡೆಯುತ್ತಿತ್ತಂತೆ. ಅದಕ್ಕೆಂದೇ 1931ರಲ್ಲಿ ಮುಖ ಮಗುಚಿ ಒಳಗೆ ಮಾಡಬಹುದಾದ ಈ ವಾಚ್ ಹುಟ್ಟಿತು. ಮನೆಯಲ್ಲಿ ಒಬ್ಬರಾದರೂ ಸೈನ್ಯದಲ್ಲಿದ್ದ ನಮ್ಮಂಥವರಿಗೆ ಈ ಕಥೆ ತಟ್ಟುತ್ತದೆ. ಬೆಲೆ ಆ ವರ್ಷದ ಕಾಫಿಗೆ ಎಟುಕಲಿಲ್ಲ.

ಕೊಟ್ಟ ದುಡ್ಡು, ಸರ್ವಿಸ್, ಮಳೆಗಾಲ ಮೂರನ್ನೂ ಸೇರಿಸಿ ನೋಡಿದರೆ ನನ್ನ ಮನಸ್ಸಿನಲ್ಲಿ ಕಿಂಗ್ ಸೈಕೊ ಮುಂದಿದೆ. 57 ಸಾವಿರದಲ್ಲಿ ಅಷ್ಟು ಚೆನ್ನಾಗಿ ಮಾಡಿದ, ಊರಲ್ಲಿ ಇನ್ನೊಬ್ಬರ ಕೈಯಲ್ಲಿ ಕಾಣದ ವಾಚ್ ಬೇರೆ ಸಿಕ್ಕಿಲ್ಲ. ಕಷ್ಟ ಬಂದರೆ ಮೊದಲು ಮಾರುವುದು ಟ್ಯೂಡರ್, ಅದಕ್ಕೆ ಗಿರಾಕಿ ಬೇಗ ಸಿಗುತ್ತಾರೆ. ಒಮೆಗಾ ಮಾತ್ರ ಕೊಡುವುದಿಲ್ಲ. ಅದನ್ನು ಈಗ ತುಲಾ ಸಂಕ್ರಮಣದಿಂದ ಮೇ ತನಕ ಮಾತ್ರ ಕಟ್ಟುತ್ತೇನೆ. ಮಳೆ ಹಿಡಿದರೆ ಡಬ್ಬಿಗೆ ಹೋಗುತ್ತದೆ.

ಮೊನ್ನೆ ಅಕ್ಕನ ಮಗ ಗೋಣಿಕೊಪ್ಪದಿಂದ ಬಂದಿದ್ದ. ಅವನಿಗೆ ಕೆಲಸ ಸಿಕ್ಕಿ ಒಂದು ವರ್ಷ ಆಯಿತು. "ಮಾವ, ಎಂಬತ್ತು ಸಾವಿರ ಕೂಡಿಟ್ಟಿದ್ದೇನೆ. ಯಾವುದು ತಗೊಳ್ಳಲಿ?" ಎಂದ. ಅರವತ್ತರ ಒಳಗೆ ವಾಚ್ ನೋಡು, ಉಳಿದ ಇಪ್ಪತ್ತನ್ನು ಸರ್ವಿಸಿಗೆ ಇಟ್ಟುಕೋ ಎಂದೆ. ಈಗ ಅವನು ಒಂದು ಕಿಂಗ್ ಸೈಕೊ ಹುಡುಕಿದ್ದಾನೆ. ಡಯಲ್ ಚೆನ್ನಾಗಿದೆ, ಅಂಚೂ ಚೂಪಾಗಿದೆ. ಹಿಂಬದಿ ತೆರೆದ ಫೋಟೊ ಮತ್ತು ದಿನ, ತಾರೀಕು ಬದಲಾಗುವ ವಿಡಿಯೊ ಕಳಿಸಲು ಹೇಳಿದ್ದೇವೆ. ಅದು ಬರಲಿ ಎಂದು ಇಬ್ಬರೂ ಕಾಯುತ್ತಿದ್ದೇವೆ.