ಬೇಸ್ ಗಿಟಾರ್ ಕಲಿಯುವವರಿಗೆ ಸಾಂಗ್‌ಸ್ಟರ್

ಸ್ವರಲಿಪಿ ಓದಲು ಬಾರದಿದ್ದರೂ ಬೇಸ್ ಗಿಟಾರಿನಲ್ಲಿ ಸರಳ ರಾಕ್ ಹಾಡುಗಳನ್ನು ನುಡಿಸಬೇಕೆನ್ನುವ ಹೊಸಬರಿಗೆ, ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಗೆರೆ-ಅಂಕಿಗಳಲ್ಲಿ ಬರೆದಿಡುವ ಲಿಪಿ) ತೋರಿಸುತ್ತಲೇ ಅದನ್ನು ನುಡಿಸಿ ಕೇಳಿಸುವ ಅಂತರಜಾಲದ ಸಾಂಗ್‌ಸ್ಟರ್ ಸೇವೆಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಟ್ಯಾಬಿನ ನಾಲ್ಕು ಗೆರೆಗಳೆಂದರೆ ನಾಲ್ಕು ತಂತಿಗಳು. ಕೆಳಗಿನದು ದಪ್ಪನೆಯ ಇ ತಂತಿ, ಮೇಲಿನದು ಜಿ, ಗೆರೆಯ ಮೇಲಿರುವ ಅಂಕಿ ಒತ್ತಬೇಕಾದ ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳಿಂದ ಗುರುತಿಸಿದ ಮನೆ. ದಿ ವೈಟ್ ಸ್ಟ್ರೈಪ್ಸ್ ತಂಡದ 2003ರ ‘ಸೆವೆನ್ ನೇಷನ್ ಆರ್ಮಿ’ಯ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ರಾಗದ ತುಣುಕು) ಕೆಳಗಿನಿಂದ ಎರಡನೆಯದಾದ ಎ ತಂತಿಯೊಂದರಲ್ಲೇ 7, 7, 10, 7, 5, 3, 2 ಎಂದು ಮುಗಿಯುತ್ತದೆ. ಮೂಲದಲ್ಲಿ ಅದು ಬೇಸ್ ಅಲ್ಲ, ಕಾಲಿನಿಂದ ಒತ್ತುವ ಪೆಡಲ್ ಎಂಬ ಧ್ವನಿ ಬದಲಿಸುವ ಸಾಧನದ ಮೂಲಕ ಒಂದು ಸ್ಥಾಯಿ ಕೆಳಗಿಳಿಸಿದ ಗಿಟಾರ್. ಆದರೂ ಬೇಸ್‌ನಲ್ಲಿ ಅದರ ಗಾಂಭೀರ್ಯ ಕಿಂಚಿತ್ತೂ ಕುಂದುವುದಿಲ್ಲ. ಬರೀ ಅಂಕಿಗಳಿರುವ ಸಾದಾ ಟ್ಯಾಬ್‌ನಲ್ಲಿ ಮೊದಲ ‘7’ನ್ನು ಎಷ್ಟು ಹೊತ್ತು ಹಿಡಿಯಬೇಕು, ಕೊನೆಯ ಎರಡು ಸ್ವರಗಳನ್ನು ಎಷ್ಟು ಎಳೆಯಬೇಕು ಎಂಬುದು ತಿಳಿಯದು. ಸಾಂಗ್‌ಸ್ಟರ್‌ನಲ್ಲಾದರೋ ಲಯದ ಗುರುತುಗಳೂ ಇರುವುದರಿಂದ, ಪರದೆಯ ಮೇಲೆ ಸರಿಯುವ ಗೆರೆಯನ್ನು ನೋಡುತ್ತಾ ಬೇಸ್ ಭಾಗವನ್ನು ಕೇಳುತ್ತಾ ಹೋದರೆ ಬೆರಳುಗಳಿಗೆ ಲಯ ತಾನಾಗಿಯೇ ಒಲಿಯುತ್ತದೆ. ಟ್ಯಾಬ್‌ಗಳನ್ನು ಬಳಕೆದಾರರೇ ಸಿದ್ಧಪಡಿಸುವುದರಿಂದ ಮೂಲ ಧ್ವನಿಮುದ್ರಣದೊಡನೆ ಹೋಲಿಸಿ ನೋಡುವುದು ಅಗತ್ಯ. ವೇಗ ತಗ್ಗಿಸುವ, ಒಂದೇ ಭಾಗವನ್ನು ಮತ್ತೆ ಮತ್ತೆ ನುಡಿಸುವ ಸೌಲಭ್ಯಗಳು ಹಣ ತೆತ್ತವರಿಗೆ ಮಾತ್ರ ದೊರೆಯುತ್ತವೆ; ಆದರೆ ಕಲಿಕೆಯ ಆರಂಭದಲ್ಲಿ ಅತ್ಯಂತ ಉಪಯುಕ್ತವಾದವು ಅವೇ ಆದ್ದರಿಂದ, ಆ ಖರ್ಚು ಸಾರ್ಥಕವೆಂದೇ ನನ್ನ ಅಭಿಪ್ರಾಯ.