ಜಾವಾ ಮಾಡ್ಯೂಲ್ ಕಲಿಯೋಕೆ ತಂದ ಎರಡು ಪುಸ್ತಕ: ಯಾವುದಕ್ಕೆ ದುಡ್ಡು ಹಾಕಬಹುದು?

ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯುನಿಟ್‌ನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬಿಸಿಎ ಓದಿದವನು ಅಂತ ಗೊತ್ತಾದ ಮೇಲೆ ಸಾಹುಕಾರರು ಸುಮ್ನೆ ಬಿಡಲಿಲ್ಲ. ಕಟಿಂಗ್‌ನಿಂದ ವಾಷಿಂಗ್‌ವರೆಗೆ ಲಾಟ್ ಲೆಕ್ಕ, ಪೀಸ್ ರೇಟ್ ಕೂಲಿ, ಬಿಲ್ಲು, ಮೂರಕ್ಕೂ ಸೇರಿ ಒಂದು ಸಾಫ್ಟ್‌ವೇರ್ ಮಾಡಿಕೊಡಪ್ಪಾ ಅಂದರು. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡಬಾರದು, ಮಾಡ್ಯೂಲ್ ಮಾಡಿಯೇ, ಅಂದರೆ ಪ್ರೋಗ್ರಾಂ ಅನ್ನು ಬೇರೆ ಬೇರೆ ತುಂಡಾಗಿ ಒಡೆದೇ ಬರೆಯೋಣ ಅಂತ, ಪ್ರೋಗ್ರಾಂ ಬರೆಯುವ ಭಾಷೆಯಾದ ಜಾವಾದ ಎರಡು ಪುಸ್ತಕ ತಂದೆ. ಎರಡೂ ಇಂಗ್ಲಿಷಿನವು, ಎರಡೂ ಹೊಸಬರಿಗೆ ಅಂತಲೇ ಬರೆದವು. ಹೆಸರು ಹೇಳುವುದಿಲ್ಲ. ಈ ಬಗೆಯ ಪುಸ್ತಕ ಅಂಗಡಿ ತುಂಬ ಇವೆ, ನೋಡಬೇಕಾದದ್ದು ಏನು ಅಂತ ಹೇಳಿದರೆ ಸಾಕಲ್ವಾ.

ಮೊದಲನೆಯದು ಹಳೇ ಪುಸ್ತಕ, ಅರ್ಧ ಬೆಲೆಗೆ ಸಿಕ್ಕಿದ್ದು. ಜಾವಾ 8ರ ಕಾಲದ್ದು, ಅಂದರೆ 2014ರ ಆಸುಪಾಸಿನದು. ಮಾಡ್ಯೂಲ್ ಬಂದಿದ್ದೇ ಜಾವಾ 9ರಲ್ಲಿ, 2017ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಆ ಮಾತೇ ಇದರಲ್ಲಿಲ್ಲ. ಆದರೂ ಕ್ಲಾಸು (ಕೋಡಿನ ಒಂದೊಂದು ಘಟಕ), ಇಂಟರ್‌ಫೇಸು, ಕಲೆಕ್ಷನ್‌ಗಳನ್ನು ಇಷ್ಟು ತಾಳ್ಮೆಯಿಂದ ಹೇಳಿದ ಪುಸ್ತಕ ನನಗೆ ಬೇರೆ ಸಿಕ್ಕಿಲ್ಲ. ಎಡವಟ್ಟು ಇರುವುದು ಎರಡು ಕಡೆ. ಕಿಟಕಿ, ಬಟನ್ ಮಾಡುವ ಅಧ್ಯಾಯದಲ್ಲಿ ಜಾವಾಎಫ್ಎಕ್ಸ್ ಇದೆ. ಜಾವಾ 11ರಿಂದ ಅದು ಸಾಮಾನ್ಯವಾಗಿ ಜೆಡಿಕೆ (ಜಾವಾದಲ್ಲಿ ಪ್ರೋಗ್ರಾಂ ಬರೆಯಲು ಬೇಕಾದ ಸಾಧನಗಳ ಕಟ್ಟು) ಜೊತೆ ಬರುವುದಿಲ್ಲ. ಬೇರೆಯಾಗಿ ಇಳಿಸಿಕೊಂಡು ಮಾಡ್ಯೂಲ್ ಪಾತ್‌ಗೆ (ಜಾವಾ ಮಾಡ್ಯೂಲ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಬೇಕು. ಪುಸ್ತಕದಲ್ಲಿದ್ದಂತೆ ಟೈಪ್ ಮಾಡಿದರೆ ಹೊಸ ಜೆಡಿಕೆಯಲ್ಲಿ ಕಂಪೈಲೇ ಆಗುವುದಿಲ್ಲ, ಅಂದರೆ ಕೋಡು ಓಡುವ ರೂಪಕ್ಕೆ ಬರುವುದೇ ಇಲ್ಲ.

ಇನ್ನೊಂದು, 'ಪಬ್ಲಿಕ್' ಅಂದರೆ ಯಾರು ಬೇಕಾದರೂ ಬಳಸಬಹುದು ಅನ್ನುವ ಪಾಠ. ಒಂದು ಮಾಡ್ಯೂಲ್‌ನಿಂದ ಇನ್ನೊಂದಕ್ಕೆ ಇದು ನಡೆಯಲ್ಲ. ಕೂಲಿ ಮಾಡ್ಯೂಲ್‌ನಲ್ಲಿ ಮುಂಗಡ ಕಳೆದು ಬಟವಾಡೆ ಲೆಕ್ಕ ಹಾಕುವ ಕ್ಲಾಸ್ ಇದೆ ಅನ್ನಿ. ಅದು ಪಬ್ಲಿಕ್ ಆಗಿದ್ದರೂ, ಅದರ ಪ್ಯಾಕೇಜನ್ನು (ಕ್ಲಾಸ್‌ಗಳ ಗುಂಪನ್ನು) ಮಾಡ್ಯೂಲ್-ಇನ್ಫೋ ಅನ್ನುವ, ಮಾಡ್ಯೂಲ್‌ನ ವಿವರ ಬರೆಯುವ ಫೈಲಿನಲ್ಲಿ 'ಎಕ್ಸ್‌ಪೋರ್ಟ್ಸ್' ಅಂತ ಬರೆಯದಿದ್ದರೆ ಬಿಲ್ಲಿನ ಮಾಡ್ಯೂಲ್‌ಗೆ ಅದು ಕಾಣುವುದೇ ಇಲ್ಲ. ಬರೆದ ಮೇಲೂ ಬಿಲ್ಲಿನ ಕಡೆಯಿಂದ 'ರಿಕ್ವೈರ್ಸ್' ಅಂತ ಕೇಳಬೇಕು. ಎರಡೂ ಕಡೆ ಒಪ್ಪಿದರೆ ಮಾತ್ರ ಕೆಲಸ. (ಇದು ಪಾಸ್‌ವರ್ಡ್ ಅಲ್ಲ. ಬಿಲ್ ಹಾಕುವ ಹುಡುಗ ಕೂಲಿ ಪುಟ ತೆರೆಯದಂತೆ ತಡೆಯೋದು ಬೇರೆ ಕೆಲಸ. ಸಾಹುಕಾರರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿತ್ತು.)

ಎರಡನೆಯದು ಜಾವಾ 17ಕ್ಕೆ ಬರೆದ ದಪ್ಪ ಪುಸ್ತಕ. ಮಾಡ್ಯೂಲ್‌ಗೆ ಅಂತ ಒಂದು ಅಧ್ಯಾಯವೇ ಇದೆ, ಆದರೆ ಥ್ರೆಡ್ (ಒಂದೇ ಹೊತ್ತಿಗೆ ಹಲವು ಕೆಲಸ ನಡೆಸುವುದು) ಎಲ್ಲ ಮುಗಿದ ಮೇಲೆ, ಕೊನೆಗೆ ಎಲ್ಲೋ. ಪ್ಯಾಕೇಜ್ ಪಾಠ ಆದ ಕೂಡಲೇ ಇದನ್ನು ಓದಿ, ಏನೂ ತೊಂದರೆಯಿಲ್ಲ. ಉದಾಹರಣೆ ಏನಪ್ಪಾ ಅಂದರೆ, ಒಂದು ಮಾಡ್ಯೂಲ್ ನಮಸ್ಕಾರ ಹೇಳುತ್ತದೆ, ಇನ್ನೊಂದು ಅದನ್ನು ಕರೆಯುತ್ತದೆ. ಎರಡೇ ಮಾಡ್ಯೂಲ್. ನನ್ನ ದೊಡ್ಡ ತಕರಾರು ಇದೇ.

ಒಂದು ಇನ್ನೊಂದನ್ನು ಕರೆಯುವಷ್ಟರಲ್ಲಿ ಯಾವ ಕಷ್ಟವೂ ಎದುರಾಗಲ್ಲ. ಎರಡೂ ಒಂದನ್ನೊಂದು ಕೇಳಿದಾಗ ನೋಡಿ, ಮೂರನೆಯದು ಬೇಕಾಗುತ್ತದೆ. ಕೂಲಿ ಲೆಕ್ಕಕ್ಕೆ ಲಾಟ್ ಬೇಕು, ಯಾವ ಲಾಟ್‌ನಲ್ಲಿ ಎಷ್ಟು ಪೀಸ್ ಅಂತ. ಲಾಟ್‌ನ ಖರ್ಚು ತಿಳಿಯಲು ಕೂಲಿ ಬೇಕು. ಒಂದಕ್ಕೊಂದು 'ರಿಕ್ವೈರ್ಸ್' ಬರೆದರೆ ಸುತ್ತು ಬಿತ್ತು, ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ಪೀಸು, ಲಾಟ್ ನಂಬರು, ರೇಟು ಇಂಥ ಇಬ್ಬರಿಗೂ ಬೇಕಾದ ಸಣ್ಣ ಕ್ಲಾಸ್‌ಗಳನ್ನು ಬೇರೆ ಮಾಡ್ಯೂಲ್‌ಗೆ ತೆಗೆಯಬೇಕು, ಖರ್ಚು ಕೂಡಿಸುವ ಕೆಲಸವನ್ನು ಎರಡರ ಮೇಲೆ ಕೂರುವ ಇನ್ನೊಂದಕ್ಕೆ ಕೊಡಬೇಕು. ಹೀಗೆ ಒಡೆಯುವುದೇ ನಿಜವಾದ ವಿದ್ಯೆ, ಪುಸ್ತಕದಲ್ಲಿ ಅದರ ಸುಳಿವಿಲ್ಲ. ಒಂದೇ ಹೆಸರಿನ ಪ್ಯಾಕೇಜ್ ಎರಡು ಮಾಡ್ಯೂಲ್‌ನಲ್ಲಿ ಇರುವಂತಿಲ್ಲ ಅನ್ನುವುದನ್ನೂ ಹೇಳಿಲ್ಲ. ಹಳೇ ಪ್ರೋಗ್ರಾಂ ಒಡೆಯುವವರು ಮೊದಲು ಎಡವುವುದೇ ಅಲ್ಲಿ.

ಜೆಲಿಂಕ್ ಅನ್ನುವ ಸಾಧನಕ್ಕೆ ಒಂದೇ ಪ್ಯಾರಾ. ನಮ್ಮಂಥವರಿಗೆ ಅದೇ ಜಾಸ್ತಿ ಬೇಕಾದದ್ದು! ಬೇಕಾದ ಮಾಡ್ಯೂಲ್‌ಗಳನ್ನಷ್ಟೇ ಜಾವಾ ಜೊತೆ ಸೇರಿಸಿ ಒಂದು ಫೋಲ್ಡರ್ ಮಾಡಿಕೊಡುತ್ತದೆ. ಆಫೀಸಿನ ಹಳೇ ಕಂಪ್ಯೂಟರಿಗೆ ಜಾವಾ ಹಾಕುವ ತಾಪತ್ರಯವೇ ಇಲ್ಲ. ಆದರೆ ಮಾಡ್ಯೂಲ್-ಇನ್ಫೋ ಇಲ್ಲದ ಹಳೇ ಜಾರ್ (ಕ್ಲಾಸ್‌ಗಳನ್ನು ಕಟ್ಟಿಟ್ಟ ಫೈಲು) ಒಂದು ಸೇರಿದ್ದರೂ ಜೆಲಿಂಕ್ ಒಪ್ಪಲ್ಲ. ಮಾಡ್ಯೂಲ್ ಪಾತ್‌ನಲ್ಲಿಟ್ಟು ಸಾಮಾನ್ಯವಾಗಿ ಓಡಿಸುವಾಗ ಅಂಥ ಜಾರ್ 'ಆಟೋಮ್ಯಾಟಿಕ್ ಮಾಡ್ಯೂಲ್' ಆಗಿ ನಡೆದುಬಿಡುತ್ತದೆ, ಹಾಗಾಗಿ ಕೊನೆಯವರೆಗೂ ಗೊತ್ತೇ ಆಗಲ್ಲ. ಈ ಎಚ್ಚರಿಕೆಗೆ ಒಂದು ಸಾಲು ಸಾಕಿತ್ತು.

ಮೆಚ್ಚಿದ್ದೂ ಇದೆ. ಇದರಲ್ಲಿ ಎಲ್ಲವನ್ನೂ ಕಮಾಂಡ್‌ನಿಂದಲೇ ಮಾಡಿಸುತ್ತಾರೆ. ಐಡಿಇ (ಕೋಡು ಬರೆದು ಓಡಿಸಲು ನೆರವಾಗುವ ಸಾಫ್ಟ್‌ವೇರ್) ಬಳಸಿದರೆ ಮಾಡ್ಯೂಲ್ ಪಾತ್ ಎಲ್ಲಿದೆ, ಕ್ಲಾಸ್ ಪಾತ್ (ಕ್ಲಾಸ್‌ಗಳನ್ನು ಹುಡುಕುವ ಹಳೇ ಬಗೆಯ ಪಟ್ಟಿ) ಎಲ್ಲಿದೆ ಅಂತ ತಿಳಿಯುವುದೇ ಇಲ್ಲ. 'ಲಿಸ್ಟ್-ಮಾಡ್ಯೂಲ್ಸ್' ಕೊಟ್ಟು ಜಾವಾ ತಾನೇ ಎಷ್ಟು ತುಂಡಾಗಿದೆ ಅಂತ ತೋರಿಸುವ ಪುಟ ಚೆನ್ನಾಗಿದೆ. ಯಾವ ಜಾರ್ ಯಾವುದನ್ನು ನಂಬಿಕೊಂಡಿದೆ ಅಂತ ತೋರಿಸುವ ಜೆಡೆಪ್ಸ್ ಕೂಡ ಅಲ್ಲೇ ಸಿಕ್ಕಿತು.

ಹಳೆಯದಕ್ಕೆ ಐದಕ್ಕೆ ಮೂರು, ಹೊಸದಕ್ಕೆ ಮೂರೂವರೆ. ಜಾವಾ ಏನೇನೂ ಬಾರದವರು ಹಳೆಯದನ್ನೇ ಕೊಳ್ಳಿ, ಕಿಟಕಿಯ ಅಧ್ಯಾಯ ಬಿಟ್ಟುಬಿಡಿ. ಕ್ಲಾಸು, ಪ್ಯಾಕೇಜು ಗೊತ್ತಿದ್ದು ಮಾಡ್ಯೂಲ್‌ಗಾಗಿ ಮಾತ್ರ ಹೊಸದನ್ನು ನೋಡುತ್ತಿದ್ದರೆ ಅಷ್ಟು ದುಡ್ಡು ಕೊಡಬೇಡಿ, ಗೆಳೆಯರ ಹತ್ತಿರ ಇಸಕೊಂಡು ಆ ಅಧ್ಯಾಯ ಓದಿ. ಅಂಗಡಿಯಲ್ಲಿ ಯಾವುದೇ ಜಾವಾ ಪುಸ್ತಕ ಕೈಗೆ ಬಂದರೂ ಮೊದಲು ಪರಿವಿಡಿ ತೆರೆದು, ಮಾಡ್ಯೂಲ್ ಉದಾಹರಣೆಯಲ್ಲಿ ಮೂರನೇ ಮಾಡ್ಯೂಲ್ ಇದೆಯಾ ಅಂತ ಆ ಪುಟ ತಿರುವಿ ನೋಡಿ.